ಕಾಂಡದೊಳಗಿನ ಮೇಸ್ತ್ರಿಗಳು

ಶಿವಾಜಿನಗರ, ಹಲಸೂರಿನ ಮಾರುಕಟ್ಟೆಗಳಲ್ಲಿ ಪುಂಡಿಸೊಪ್ಪು ಕೊಳ್ಳುವವರು ಕಡ್ಡಿ ಮುರಿದು ನೋಡುವುದುಂಟು. ಪಟ್ಟನೆ ಮುರಿದರೆ ಎಳೆಯದು. ಸಿಪ್ಪೆ ಎಳೆಎಳೆಯಾಗಿ ಜಗ್ಗಿದರೆ ಬಲಿತದ್ದು. ಅಡುಗೆಗೆ ಬೇಡವಾದ ಈ ಸಿಪ್ಪೆಯಲ್ಲೇ ಹಗ್ಗಕ್ಕೂ ಗೋಣಿಚೀಲಕ್ಕೂ ಬೇಕಾದ ನಾರಿದೆ. ಬಲಿತ ಗಿಡವನ್ನು ನೀರಿನಲ್ಲಿ ಕೊಳೆಹಾಕಿ ಅದನ್ನು ಬಿಡಿಸುತ್ತಾರೆ.

ನಾರೆಂದರೆ ಉದ್ದನೆಯ ಜೀವಕೋಶಗಳ ಕಟ್ಟು. ಕೋಶ ಮೊದಲು ಉದ್ದಕ್ಕೆ ಬೆಳೆಯುತ್ತದೆ. ಆಮೇಲೆ ಅದರ ಗೋಡೆಯ ಒಳಮೈಗೆ ಸೆಲ್ಯುಲೋಸ್, ಲಿಗ್ನಿನ್ ಮೆತ್ತಿಕೊಳ್ಳುತ್ತವೆ. ಈ ಗಾರೆ ಕೆಲಸಕ್ಕೆ ಅಪ್ಪಣೆ ಕೊಡುವವು ವಂಶವಾಹಿಗಳು.

ಸಾಸಿವೆಯ ಬಂಧುವಾದ ಅರಾಬಿಡಾಪ್ಸಿಸ್ ಎಂಬ ಪುಟ್ಟ ಗಿಡದಲ್ಲಿ ಇಂಥ ಎರಡು ‘ಮೇಸ್ತ್ರಿ’ ವಂಶವಾಹಿಗಳಿವೆ. ಒಂದು ಕೆಟ್ಟರೆ ಇನ್ನೊಂದು ಕೆಲಸ ನಿಭಾಯಿಸುತ್ತದೆ. ಎರಡೂ ಕೆಟ್ಟರೆ? 2007ರಲ್ಲಿ ಪ್ರಕಟವಾದ ಪ್ರಯೋಗಗಳು ಇದನ್ನು ತೋರಿಸಿದವು. ಕಾಂಡದ ನಾರುಕೋಶಗಳ ಗೋಡೆ ದಪ್ಪವಾಗಲೇ ಇಲ್ಲ. ನೀರೊಯ್ಯುವ ಕೊಳವೆಗಳು ಸರಿಯಾಗಿಯೇ ಇದ್ದವು. ಆದರೆ ಕಾಂಡ ಬಲಗುಂದಿತು.

ಪುಂಡಿ, ಸೆಣಬುಗಳ ತಳಿ ಸುಧಾರಿಸುವವರಿಗೆ ಇದೊಂದು ಎಚ್ಚರಿಕೆ. ಲಿಗ್ನಿನ್ ಕಡಿಮೆಯಾದರೆ ನಾರು ಮೆದುವಾಗಿ ಬಟ್ಟೆಗೆ ಒದಗೀತು. ಮಿತಿಮೀರಿ ಕಡಿಮೆಯಾದರೆ ಆಳೆತ್ತರದ ಗಿಡ ಗಾಳಿಗೆ ಮಲಗೀತು. ಗಿರಣಿಗೆ ಮೆದುವಾಗಿಯೂ ಹೊಲದಲ್ಲಿ ನೆಟ್ಟಗೂ ಇರುವ ತಳಿಯಿಂದಲೇ ರೈತನಿಗೆ ಲಾಭ.