ನಕ್ಷೆಯ ಸಂದು ಮುಚ್ಚುವ ಆತುರ

ಜಮೀನಿನ ನಕ್ಷೆಗಳನ್ನು ಹಳೆಯ ತಂತ್ರಾಂಶದಿಂದ ಹೊಸದಕ್ಕೆ ಸಾಗಿಸುವಾಗ ತಂತ್ರಜ್ಞರ ಮೊದಲ ಬೇಡಿಕೆ ಒಂದೇ: ಮೊದಲು ದೋಷ ತೆಗೆಯಿರಿ. ಎರಡು ಸರ್ವೆ ನಂಬರುಗಳ ನಡುವೆ ಸಂದು ಇರಬಾರದು, ಒಂದರ ಮೇಲೊಂದು ಏರಿರಬಾರದು. ಕೇಳಲು ಮನೆ ಗುಡಿಸಿದಷ್ಟೇ ನಿರಪಾಯದ ಕೆಲಸ. ಆದರೆ ಇಲ್ಲಿ ಗುಡಿಸಿ ಹೋಗುವುದು ಯಾರದೋ ನೆಲ.

ಚೆನ್ನೈಯನ್ನೇ ನೋಡಿ. ಅಲ್ಲಿನ ಸರ್ವೆ ಇಲಾಖೆಯ ನಕ್ಷೆಗಳ ಬುಡದಲ್ಲಿರುವುದು ಎಫ್‌ಎಂಬಿ, ಅಂದರೆ ಒಂದೊಂದು ಸರ್ವೆ ನಂಬರಿಗೂ ಒಂದೊಂದು ಹಾಳೆಯಿರುವ ಅಳತೆ ಪುಸ್ತಕ. 1956ರವರೆಗೆ ಮದ್ರಾಸಿಗೆ ಸೇರಿದ್ದ ದಕ್ಷಿಣ ಕನ್ನಡ, ಕಾಸರಗೋಡಿನವರಿಗೆ ಈ ಹೆಸರು ಹೊಸದಲ್ಲ. ಸರಪಳಿ ಎಳೆದು ಬಿಡಿಬಿಡಿಯಾಗಿ ಬರೆದ ಈ ಹಾಳೆಗಳನ್ನು ಎನ್‌ಐಸಿಯ ಕೊಲಾಬ್‌ಲ್ಯಾಂಡ್ ತಂತ್ರಾಂಶ ಕಂಪ್ಯೂಟರಿಗೆ ಏರಿಸಿತು. ಅವನ್ನು ಒಂದೇ ಊರಿನ ನಕ್ಷೆಯಾಗಿ ಜೋಡಿಸಹೊರಟರೆ ಅಂಚುಗಳು ಕೂಡುವುದಿಲ್ಲ. ಆಶ್ಚರ್ಯವೇನಿಲ್ಲ. 1:2000 ಪ್ರಮಾಣದಲ್ಲಿ ಅರ್ಧ ಮಿಲಿಮೀಟರ್ ದಪ್ಪದ ಗೆರೆಯೇ ನೆಲದ ಮೇಲೆ ಒಂದು ಮೀಟರ್.

ಅರ್ಧ ಮೀಟರ್ ಅಗಲ, ನೂರು ಮೀಟರ್ ಉದ್ದದ ಸಂದು ಎಂದರೆ 50 ಚದರ ಮೀಟರ್, ಸುಮಾರು 538 ಚದರ ಅಡಿ. 2,400 ಚದರ ಅಡಿಗೆ ಒಂದು ‘ಗ್ರೌಂಡ್’ ಎಂದು ವ್ಯವಹಾರ ನಡೆಯುವ ಆ ನಗರದಲ್ಲಿ ಇದು ಗ್ರೌಂಡಿನ ಐದನೇ ಒಂದು ಭಾಗಕ್ಕೂ ಹೆಚ್ಚು. ಇದನ್ನು ಮುಚ್ಚಲು ಕ್ಯೂಜಿಐಎಸ್ ತಂತ್ರಾಂಶ ಕೊಡುವ ಆಯ್ಕೆಗಳು ಮೂರು: ಅತಿ ದೊಡ್ಡ ನೆರೆಗೆ ಸೇರಿಸು, ಅತಿ ಚಿಕ್ಕ ನೆರೆಗೆ ಸೇರಿಸು, ಹೆಚ್ಚು ಉದ್ದದ ಗಡಿ ಇರುವ ನೆರೆಗೆ ಸೇರಿಸು. ಹಕ್ಕುದಾರನಿಗೆ ಸೇರಿಸು ಎಂಬ ನಾಲ್ಕನೆಯದಿಲ್ಲ. ಪಾಪ, ತಂತ್ರಾಂಶಕ್ಕೇನು ಗೊತ್ತು?

ಇನ್ನೂ ಕೆಟ್ಟದ್ದಿದೆ. ಉದ್ದವಾಗಿ, ತೆಳ್ಳಗೆ ಇರುವುದನ್ನೆಲ್ಲ ಸಂದೆಂದು ಹಿಡಿಯುವ ಜರಡಿಗೆ ಗಾಡಿದಾರಿಯೂ ಸಿಗುತ್ತದೆ, ಕೆರೆಯಿಂದ ಕೆರೆಗೆ ಹರಿಯುವ ಕಾಲುವೆಯೂ ಸಿಗುತ್ತದೆ. ಇವು ಪರಂಬೋಕು, ನಮ್ಮದು ಎಂದು ತಕರಾರು ಎತ್ತಲು ಪಟ್ಟಾದಾರನಿಲ್ಲ. 2015ರ ಡಿಸೆಂಬರಿನ ನೆರೆ ಕಂಡ ನಗರದಲ್ಲಿ ಎರಡು ಮೀಟರ್ ಅಗಲದ ಕಾಲುವೆ ನಕ್ಷೆಯಿಂದ ಅಳಿಸಿಹೋದರೆ, ಅಲ್ಲಿ ಕಟ್ಟಡ ಏಳುವುದಕ್ಕೆ ಅಡ್ಡಿ ಹೇಳುವ ಕಾಗದವೇ ಉಳಿಯುವುದಿಲ್ಲ.

ಗಡಿ ನಿರ್ಧರಿಸಲು 1923ರ ಸರ್ವೆ ಮತ್ತು ಗಡಿ ಕಾಯ್ದೆಯಿದೆ. ಹಿಡುವಳಿದಾರನಿಗೆ ನೋಟಿಸು, ಮೇಲ್ಮನವಿ, ಕೊನೆಗೆ ಸಿವಿಲ್ ಕೋರ್ಟು, ಎಲ್ಲವೂ ಅದರಲ್ಲಿವೆ. ಮೇಜಿನ ಮುಂದೆ ಕುಳಿತು ಗೆರೆ ಸರಿಸುವವನು ಇವೆಲ್ಲವನ್ನೂ ಒಂದೇ ಗುಂಡಿ ಒತ್ತಿ ದಾಟಿಬಿಡುತ್ತಾನೆ.

ದೋಷವಿದ್ದರೆ ಹೊಸ ವ್ಯವಸ್ಥೆ ಒಪ್ಪುವುದಿಲ್ಲ ಎಂಬುದು ಮಾಮೂಲಿ ಉತ್ತರ. ಅರ್ಧ ನಿಜ. ಒಂದೇ ಬಿಂದು ಎರಡು ಸಲ ಬಿದ್ದಿರುವುದು, ಗೆರೆ ತನ್ನನ್ನೇ ಕತ್ತರಿಸಿರುವುದು, ಇಂಥ ಕೈತಪ್ಪುಗಳನ್ನು ಯಂತ್ರ ತಿದ್ದಲಿ, ಯಾರ ನೆಲವೂ ಕದಲುವುದಿಲ್ಲ. ಇಬ್ಬರು ನೆರೆಯವರ ನಡುವಿನ ಸಂದು, ಅತಿಕ್ರಮಣ ಆ ಜಾತಿಯದಲ್ಲ. ಅವಕ್ಕೆ ‘ಅಳತೆ ಬಾಕಿ’ ಎಂಬ ಗುರುತಿನೊಡನೆ ಪ್ರತ್ಯೇಕ ಸಾಲು ಕೊಟ್ಟು, ಎಫ್‌ಎಂಬಿಯ ಮೂಲ ಅಂಕಿಗಳ ಸಮೇತ ಸಾಗಿಸಬೇಕು. ಎಷ್ಟು ಸೆಂಟಿಮೀಟರಿನವರೆಗೆ ಯಂತ್ರ ಗೆರೆ ಸರಿಸಿತು ಎಂಬುದನ್ನು ಊರೂರಿನ ಲೆಕ್ಕದಲ್ಲಿ ಪ್ರಕಟಿಸಬೇಕು. ಪಟ್ಟಾದ ವಿಸ್ತೀರ್ಣವೂ ನಕ್ಷೆಯ ವಿಸ್ತೀರ್ಣವೂ ತಾಳೆಯಾಗದಿದ್ದರೆ ಎರಡೂ ಉಳಿಯಲಿ. ಆಮೇಲೆ ಸರ್ವೆಯರ್ ಕಲ್ಲು ಹುಡುಕಿಕೊಂಡು ಹೊರಡಲಿ, ನೋಟಿಸು ಪಡೆದ ಎರಡೂ ಕಡೆಯವರು ಅಲ್ಲಿ ನಿಂತಿರಲಿ.