ವಿದ್ಯುತ್ತು ಬಂತು, ವಿದ್ಯೆ ಯಾರಿಗೆ?
ಯಂತ್ರ ಬಂದರೆ ಸಮಾಜ ತಾನಾಗಿಯೇ ಬದಲಾಗುತ್ತದೆ ಎಂದು ನಂಬುವವರು ಹಳೆಯ ಮೈಸೂರು ಸಂಸ್ಥಾನದ ಚರಿತ್ರೆಯನ್ನು ಓದಬೇಕು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿತು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿತು. ಇಷ್ಟಾದರೂ ಸರ್ಕಾರಿ ಹುದ್ದೆಗಳು ಬಹುಪಾಲು ಒಂದೇ ಸಮುದಾಯದ ಕೈಯಲ್ಲಿದ್ದವು. ಅದನ್ನು ಸರಿಪಡಿಸಲು ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಬೇಕಾಯಿತು. ಹಿಂದುಳಿದವರಿಗೆ ಉದ್ಯೋಗದಲ್ಲಿ ಪಾಲು, ಓದಲು ವಿದ್ಯಾರ್ಥಿವೇತನ ಎರಡನ್ನೂ ಅದು ಶಿಫಾರಸು ಮಾಡಿತು. ಇದರಿಂದ ಆಡಳಿತದ ದಕ್ಷತೆ ಕುಗ್ಗುತ್ತದೆ ಎಂಬುದು ದಿವಾನ್ ವಿಶ್ವೇಶ್ವರಯ್ಯನವರ ಆಕ್ಷೇಪವಾಗಿತ್ತು. ಸಂಸ್ಥಾನದ ಏಳಿಗೆಗೆ ಅವರಷ್ಟು ದುಡಿದವರು ವಿರಳ. ಆದ್ದರಿಂದ ಆ ಮಾತನ್ನು ಹಗುರವಾಗಿ ತಳ್ಳಿಹಾಕಲಾಗದು. ಆದರೆ ಶಾಲೆಯ ಮೆಟ್ಟಿಲನ್ನೇ ಹತ್ತದವರ ಪ್ರತಿಭೆಯನ್ನು ಅಳೆಯುವುದಾದರೂ ಹೇಗೆ? ಅವಕಾಶ ಹಿಗ್ಗಿದಾಗಲೇ ಪ್ರತಿಭೆಯ ಹರವೂ ಹಿಗ್ಗುತ್ತದೆ. ಶತಮಾನದ ಬಳಿಕ, 2020ರ ಕೋವಿಡ್ ಕಾಲದಲ್ಲಿ ಪಾಠ ಮೊಬೈಲಿಗೆ ಬಂದಾಗಲೂ ಹಿಂದೆ ಬಿದ್ದವರು ಫೋನಿಲ್ಲದ, ನೆಟ್‌ವರ್ಕ್ ಸಿಗದ ಹಳ್ಳಿಯ ಬಡ ಮಕ್ಕಳೇ. ತಂತ್ರಜ್ಞಾನ ಶಕ್ತಿಯನ್ನು ಕೊಡುತ್ತದೆ. ಆ ಶಕ್ತಿ ಯಾರಿಗೆ ದಕ್ಕಬೇಕೆಂಬುದನ್ನು ತೀರ್ಮಾನಿಸುವುದು ಶಿಕ್ಷಣ. ಹೊಸ ಉಪಕರಣಗಳಿಗೆ ಹಣ ಎತ್ತಿಡುವ ಸರ್ಕಾರಗಳು ಮೊದಲು ಹಳ್ಳಿಯ ಶಾಲೆಗಳಿಗೆ ಸಾಕಷ್ಟು ಮೇಷ್ಟರನ್ನು ನೇಮಿಸಲಿ.