ಎದೆಯ ಮೇಲೊಂದು ಓದಿನ ಬಿಲ್ಲೆ

ನವೆಂಬರ್ 1ರಂದು ಕನ್ನಡಿಗರು ಕೆಂಪು ಹಳದಿ ಪಟ್ಟಿಯನ್ನು ಎದೆಗೆ ಚುಚ್ಚಿಕೊಳ್ಳುತ್ತಾರೆ. ಡಿಸೆಂಬರ್ 7 ಧ್ವಜ ದಿನ. ಅಂದು ಡಬ್ಬಿಗೆ ಕಾಸು ಹಾಕಿದವರಿಗೆ ಸೈನಿಕರ ನಿಧಿಯ ಪುಟ್ಟ ಧ್ವಜ ದೊರೆಯುತ್ತದೆ. 1949ರಿಂದ ಬಂದ ಪದ್ಧತಿ ಇದು. ಸಾಹಿತ್ಯ ಸಮ್ಮೇಳನಕ್ಕೆ ಹೋದವರು ಪ್ರತಿನಿಧಿಯ ಬ್ಯಾಡ್ಜನ್ನು ಮನೆಗೆ ತಂದು ಪೆಟ್ಟಿಗೆಯಲ್ಲಿ ಜೋಪಾನ ಮಾಡುತ್ತಾರೆ. ಚುನಾವಣೆ ಬಂದರೆ ಪಕ್ಷದ ಚಿಹ್ನೆಯಿಲ್ಲದ ಅಂಗಿಯೇ ಅಪರೂಪ. ಆದರೆ ಗ್ರಂಥಾಲಯದ ಹೆಸರು ಹೇಳುವ, ಓದಿಗೆ ಕರೆಯುವ ಬಿಲ್ಲೆಯನ್ನು ಧರಿಸಿದ ಎಷ್ಟು ಮಂದಿಯನ್ನು ನಾವು ಕಂಡಿದ್ದೇವೆ? ನವೆಂಬರ್ 14ರಿಂದ 20ರವರೆಗಿನ ಗ್ರಂಥಾಲಯ ಸಪ್ತಾಹದಲ್ಲಾದರೂ ನಮ್ಮ ಮಕ್ಕಳ ಎದೆಯ ಮೇಲೆ ಅಂಥದೊಂದು ಬಿಲ್ಲೆ ಇರಬೇಕೆಂಬುದು ನಮ್ಮ ಅಭಿಪ್ರಾಯ.

ಬಿಲ್ಲೆ ನಮಗೆ ಹೊಸದೇನೂ ಅಲ್ಲ. ‘ಚಪರಾಸಿ’ ಎಂಬ ಮಾತು ಹುಟ್ಟಿದ್ದೇ ‘ಚಪರಾಸ್’ ಎಂಬುದರಿಂದ, ಹಾಗೆಂದರೆ ಬಿಲ್ಲೆ. ಕಚೇರಿಯ ಜವಾನನ ಅಡ್ಡಪಟ್ಟಿಯಲ್ಲಿ ಹೊಳೆಯುತ್ತಿದ್ದ ಹಿತ್ತಾಳೆ ಬಿಲ್ಲೆ ಸರ್ಕಾರದ ಅಧಿಕಾರವನ್ನು ಸಾರುತ್ತಿತ್ತು. ಹಿಂಬದಿಯಲ್ಲಿ ಪಿನ್ನು ಇರುವ ಅಗ್ಗದ ದುಂಡು ಬಿಲ್ಲೆ ಬಂದದ್ದು ಅಮೆರಿಕದಿಂದ. ಅಲ್ಲಿನ ನ್ಯೂಅರ್ಕ್ ನಗರದ ವೈಟ್‌ಹೆಡ್ ಅಂಡ್ ಹೋಗ್ ಎಂಬ ಕಂಪನಿ 1896ರಲ್ಲಿ ಇದಕ್ಕೆ ಪೇಟೆಂಟ್ ಪಡೆಯಿತು. ತಗಡಿನ ಬಿಲ್ಲೆ, ಅದರ ಮೇಲೆ ಅಚ್ಚಾದ ಕಾಗದ, ಕಾಗದದ ಮೇಲೆ ತೆಳುವಾದ ಸೆಲ್ಯುಲಾಯಿಡ್ ಹಾಳೆ, ಹಿಂದೆ ಇವೆಲ್ಲವನ್ನೂ ಬಿಗಿಹಿಡಿಯುವ ಬಳೆ: ರಚನೆ ಇಷ್ಟೇ. ಅದೇ ವರ್ಷದ ಅಧ್ಯಕ್ಷ ಚುನಾವಣೆಯಲ್ಲಿ ಎರಡೂ ಪಕ್ಷದವರು ಇಂಥ ಬಿಲ್ಲೆಗಳನ್ನು ಹಂಚಿದರು. 1958ರಲ್ಲಿ ಆ ದೇಶದಲ್ಲಿ ರಾಷ್ಟ್ರೀಯ ಗ್ರಂಥಾಲಯ ಸಪ್ತಾಹ ಆರಂಭವಾಯಿತು. ಗ್ರಂಥಾಲಯಗಳೂ ಓದಿನ ಕರೆಯನ್ನು ಬಿಲ್ಲೆಗಳ ಮೇಲೆ ಅಚ್ಚು ಹಾಕಿಸಿದವು. ಈಗ ಅವನ್ನು ಅಂಚೆಚೀಟಿಗಳಂತೆ ಕೂಡಿಡುವವರಿದ್ದಾರೆ.

ಕೂಡಿಡುವುದು ಒಳ್ಳೆಯ ಹವ್ಯಾಸವೇ. ಒಂದು ಬಿಲ್ಲೆಯ ಮೇಲೆ ಊರೂ ವರ್ಷವೂ ಇದ್ದರೆ ಅದು ಚಿಕ್ಕದೊಂದು ಚರಿತ್ರೆ. ಆದರೆ ಪೆಟ್ಟಿಗೆಯೊಳಗಿನ ಬಿಲ್ಲೆಗೂ ಬೀಗ ಹಾಕಿದ ಬೀರುವಿನ ಪುಸ್ತಕಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ನಮ್ಮ ದೇಶದ ಗ್ರಂಥಾಲಯ ವಿಜ್ಞಾನದ ಪಿತಾಮಹರಾದ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಮೊದಲನೆಯದೇ ಪುಸ್ತಕದ ಬಳಕೆಯನ್ನು ಕುರಿತದ್ದು. ತಂಜಾವೂರು ಸೀಮೆಯ ಶಿಯಾಳಿಯಲ್ಲಿ 1892ರಲ್ಲಿ ಹುಟ್ಟಿ, ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲರಾಗಿ ದುಡಿದು, ಕೊನೆಗೆ ಬೆಂಗಳೂರಿನಲ್ಲಿ ನೆಲೆಸಿ 1972ರಲ್ಲಿ ಅಲ್ಲಿಯೇ ತೀರಿಕೊಂಡ ಅವರು ತಮಿಳುನಾಡಿಗೂ ಕರ್ನಾಟಕಕ್ಕೂ ಸೇರಿದವರು. ಅವರ ಪ್ರೇರಣೆಯಿಂದ ಅದೇ 1931ರಲ್ಲಿ ಮನ್ನಾರ್‌ಗುಡಿಯ ಸುತ್ತಿನ ಹಳ್ಳಿಗಳಿಗೆ ಎತ್ತಿನ ಗಾಡಿಯಲ್ಲಿ ಪುಸ್ತಕಗಳು ಹೊರಟವು. ಓದುಗ ಬರಲಿ ಎಂದು ಕಾಯದೆ ಪುಸ್ತಕವೇ ಓದುಗನ ಬಾಗಿಲಿಗೆ ಹೋಯಿತು. ನಮ್ಮ ನೆರೆಯ ಕೇರಳದಲ್ಲಿ ಪಿ. ಎನ್. ಪಣಿಕ್ಕರ್ ಅವರು 1945ರಿಂದ ಗ್ರಂಥಶಾಲೆಗಳ ಸಂಘ ಕಟ್ಟಿ ಊರೂರು ಅಲೆದರು. ಅವರು ತೀರಿಕೊಂಡ ಜೂನ್ 19ನೆಯ ದಿನವನ್ನು ಅಲ್ಲಿನ ಶಾಲೆಗಳು ಇಂದಿಗೂ ವಾಚನ ದಿನವಾಗಿ ಆಚರಿಸುತ್ತವೆ. ಹುಡುಗನೊಬ್ಬನ ಎದೆಯ ಮೇಲಿನ ಬಿಲ್ಲೆಯೂ ಇದೇ ಕೆಲಸವನ್ನು ಸಣ್ಣ ಪ್ರಮಾಣದಲ್ಲಿ ಮಾಡಬಲ್ಲದು. ಅದಕ್ಕೆ ಎತ್ತೂ ಬೇಡ, ಗಾಡಿಯೂ ಬೇಡ.

ನಮ್ಮ ಒಡ್ಡನ್‌ಛತ್ರಂ ಕಡೆಯ ಮಕ್ಕಳಿಗೆ ಇದರ ಅಗತ್ಯ ಇನ್ನೂ ಹೆಚ್ಚು. ದಿಂಡಿಗಲ್, ತೇನಿ, ಕಂಬಂ ಕಣಿವೆಗಳಲ್ಲಿ ತಲೆಮಾರುಗಳಿಂದ ಕನ್ನಡವನ್ನೇ ಮನೆಮಾತಾಗಿ ಉಳಿಸಿಕೊಂಡ ಕುಟುಂಬಗಳಿವೆ. ಅಡುಗೆಮನೆಯಲ್ಲಿ ಕನ್ನಡ, ಹೊಲದಲ್ಲಿ ಕನ್ನಡ, ಜಗಳದಲ್ಲೂ ಕನ್ನಡ. ಹೊಸ್ತಿಲು ದಾಟಿದರೆ ತಮಿಳು. ಬಸ್ಸಿನ ಹಲಗೆ, ಅಂಗಡಿಯ ಫಲಕ, ತರಕಾರಿ ಮಾರುಕಟ್ಟೆಯ ಚೀಟಿ ಎಲ್ಲವೂ ತಮಿಳಿನಲ್ಲಿಯೇ. ಇದರಲ್ಲಿ ದೂರುವಂಥದ್ದು ಏನೂ ಇಲ್ಲ. ತಮಿಳು ನಮಗೆ ಅನ್ನ ಕೊಡುವ ಭಾಷೆ. ಅದನ್ನು ಚೆನ್ನಾಗಿ ಕಲಿಯದವನು ಇಲ್ಲಿ ಬಾಳಲಾರ. ಆದರೆ ಕಿವಿಯಲ್ಲಿ ಮಾತ್ರ ಇದ್ದು ಕಣ್ಣಿಗೆ ಬೀಳದ ಭಾಷೆ ಎಷ್ಟು ದಿನ ಉಳಿದೀತು? ನಾಲಿಗೆಯ ಮೇಲಿನ ಕನ್ನಡವನ್ನು ಅಕ್ಷರದಲ್ಲಿ ಕಾಣದೆಯೇ ಬಾಳಿದ ಹಿರಿಯರು ನಮ್ಮ ನಡುವೆಯೇ ಇದ್ದಾರೆ. ಮಕ್ಕಳ ಎದೆಯ ಮೇಲೆ ‘ದೇಶ ಸುತ್ತು, ಕೋಶ ಓದು’ ಎಂಬ ನಾಲ್ಕು ಮಾತು ಕನ್ನಡ ಲಿಪಿಯಲ್ಲಿದ್ದರೆ ಬಸ್ಸಿನಲ್ಲಿ ಪಕ್ಕದವರು ‘ಇದು ಯಾವ ಅಕ್ಷರ?’ ಎಂದು ಕೇಳಿಯಾರು. ಕೇಳಿದವರಿಗೆ ತಮಿಳಿನಲ್ಲಿ ಅದರ ಅರ್ಥ ಹೇಳುವ ಹುಡುಗಿ ಎರಡು ಭಾಷೆಗೂ ಸೇವೆ ಮಾಡಿದಂತಾಯಿತು.

ಇದನ್ನು ಕೇಳಿ ಕೆಲವು ತಂದೆತಾಯಿಗಳು ನಗಬಹುದು. ಬಿಲ್ಲೆ ಚುಚ್ಚಿಕೊಂಡ ಮಾತ್ರಕ್ಕೆ ಓದು ಬರುತ್ತದೆಯೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಮೇಲೆ ಥಳುಕು ಒಳಗೆ ಹುಳುಕು ಎಂಬ ಗಾದೆ ನಮಗೂ ಗೊತ್ತು. ಹೆಚ್ಚು ಪುಸ್ತಕ ಓದಿದವರಿಗೆ ಬಹುಮಾನವಾಗಿ ಬಿಲ್ಲೆ ಕೊಟ್ಟರಂತೂ ಕೆಡುಕೇ ಹೆಚ್ಚು. ಮಕ್ಕಳು ತೆಳ್ಳಗಿನ ಪುಸ್ತಕಗಳನ್ನೇ ಆರಿಸಿ ಲೆಕ್ಕ ಹೆಚ್ಚಿಸುತ್ತಾರೆ. ಮೆಲ್ಲಗೆ ಓದುವವನು ನಾಚಿ ಹಿಂದೆ ಸರಿಯುತ್ತಾನೆ. ಆದ್ದರಿಂದ ನಾವು ಸೂಚಿಸುವ ಕ್ರಮವೇ ಬೇರೆ. ಗ್ರಂಥಾಲಯದಿಂದ ಪುಸ್ತಕ ಪಡೆದ ಪ್ರತಿಯೊಬ್ಬರಿಗೂ ಅದರ ಜತೆಗೆ ಬಿಲ್ಲೆ ಸಿಗಲಿ; ಪುಸ್ತಕ ಹಿಂದಿರುಗಿಸುವಾಗ ಬಿಲ್ಲೆಯನ್ನೂ ಹಿಂದಿರುಗಿಸಲಿ. ಮೊದಲ ದರ್ಜೆಯವನಿಗೂ ಕೊನೆಯ ಬೆಂಚಿನವನಿಗೂ ಒಂದೇ ಬಿಲ್ಲೆ. ಧರಿಸಿದವರನ್ನು ಯಾರು ಬೇಕಾದರೂ ‘ಯಾವ ಪುಸ್ತಕ? ಎಲ್ಲಿಗೆ ಬಂದಿತು?’ ಎಂದು ಕೇಳಬಹುದು, ಅವರು ಉತ್ತರ ಹೇಳಬೇಕು. ಆಗ ಬಿಲ್ಲೆ ಪದಕವಾಗದೆ ಒಂದು ಮಾತು ಕೊಟ್ಟಂತೆ ಆಗುತ್ತದೆ. ಕೊಟ್ಟ ಮಾತನ್ನು ಉಳಿಸಿಕೊಳ್ಳುವ ಅಭ್ಯಾಸ ಓದಿನಷ್ಟೇ ದೊಡ್ಡ ವಿದ್ಯೆ.

ಖರ್ಚಿನ ಚಿಂತೆಯೂ ಬೇಡ. ಯಂತ್ರದಲ್ಲಿ ಮಾಡಿಸಿದ ಬಿಲ್ಲೆಯೇ ಆಗಬೇಕೆಂದಿಲ್ಲ. ಹಳೆಯ ರಟ್ಟನ್ನು ದುಂಡಗೆ ಕತ್ತರಿಸಿ, ಬಿಳಿ ಕಾಗದ ಅಂಟಿಸಿ, ಬಣ್ಣದ ಅಕ್ಷರ ಬರೆದು, ಹಿಂದೆ ಒಂದು ಸೇಫ್ಟಿ ಪಿನ್ನು ಸೇರಿಸಿದರೆ ಸಾಕು. ಚಿತ್ರಕಲೆಯ ಅವಧಿಯಲ್ಲಿ ಮಕ್ಕಳೇ ಮಾಡಬಹುದು. ವರ್ಷಕ್ಕೊಂದು ಹೊಸ ಚಿತ್ರವಿರಲಿ. ವರ್ಷದ ಕೊನೆಗೆ ಒಂದೊಂದನ್ನು ಗ್ರಂಥಾಲಯದ ಗೋಡೆಯ ಮೇಲೆ ಇಟ್ಟರೆ ಸಂಗ್ರಹವೂ ತಾನಾಗಿ ಬೆಳೆಯುತ್ತದೆ.

ಉಳಿದದ್ದು ಮನೆಯವರ ಪಾಲು. ಮಗು ಬಿಲ್ಲೆ ಧರಿಸಿ ಮನೆಗೆ ಬಂದ ದಿನ, ಮಾರುಕಟ್ಟೆಯಿಂದಲೋ ಹೊಲದಿಂದಲೋ ದಣಿದು ಬಂದ ತಂದೆತಾಯಿಗಳು ಕಾಲು ಗಂಟೆ ಬಿಡುವು ಮಾಡಿಕೊಳ್ಳಲಿ. ಕನ್ನಡ ಓದಲು ಬಾರದ ಅಜ್ಜಿಯೂ ಹತ್ತಿರ ಕುಳಿತು ‘ಓದು ಮಗಾ, ಕೇಳ್ತೀನಿ’ ಎನ್ನಲಿ. ತಾನು ದಿನವೂ ಆಡುವ ಮಾತು ಪುಸ್ತಕದಲ್ಲಿಯೂ ಇದೆ ಎಂಬುದು ಆ ಅಜ್ಜಿಗೆ ಅಂದು ತಿಳಿದರೆ, ಒಂದು ರಟ್ಟಿನ ಚೂರಿನಿಂದ ಇದಕ್ಕಿಂತ ಹೆಚ್ಚಿನದನ್ನು ನಾವು ಬಯಸುವುದಿಲ್ಲ.